ಮಾಲೇಕಲ್ಲಿನ ಬುಡದಲ್ಲಿ ಜಾರಿದ ವಿಂಚು

ಅರಸೀಕೆರೆ ಎಂದೊಡನೆ ಬಹುಮಂದಿಗೆ ನೆನಪಾಗುವುದು ರೈಲು ಜಂಕ್ಷನ್. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಓಡುವ ಗಾಡಿಗಳೂ ಹಾಸನ, ಮೈಸೂರುಗಳ ಕಡೆಗೆ ತಿರುಗುವ ಗಾಡಿಗಳೂ ಇಲ್ಲಿ ಕೂಡಿ ಅಗಲುತ್ತವೆ. ಪ್ಲಾಟ್‌ಫಾರಂನಲ್ಲಿ ಒಂದು ಕಾಫಿ ಕುಡಿದು ಮುಂದಕ್ಕೆ ಹೋಗುವವರೇ ಹೆಚ್ಚು. ಬೇಲೂರು, ಹಳೇಬೀಡು ನೋಡಲು ಹೊರಟ ಪ್ರವಾಸಿಗರೂ ಈ ಊರನ್ನು ಬಸ್ಸು ಬದಲಿಸುವ ಜಾಗವೆಂದೇ ಬಗೆಯುತ್ತಾರೆ. ಅರ್ಧ ದಿನ ಬಿಡುವು ಮಾಡಿಕೊಂಡು ಇಲ್ಲಿ ಇಳಿದವರಿಗೆ ಮಾತ್ರ ಎರಡು ಜಾಗಗಳು ಕಾದಿವೆ. ಒಂದು, ಹೊಯ್ಸಳರ ಕಾಲದಲ್ಲಿ, ಕ್ರಿ.ಶ. 1220ರಲ್ಲಿ ಕಟ್ಟಿದ ಶಿವಾಲಯ. ಅದರ ಮುಂದಿನ ಮಂಟಪ 16 ಕೋನಗಳ ನಕ್ಷತ್ರದ ಆಕಾರದಲ್ಲಿದೆ. ಇನ್ನೊಂದು ಊರಿನಿಂದ ಆಟೋದಲ್ಲಿ ಹೋಗಬಹುದಾದಷ್ಟು ದೂರದಲ್ಲಿರುವ ಮಾಲೇಕಲ್ಲು ತಿರುಪತಿ.

ಸುತ್ತಮುತ್ತಲಿನ ಜನ ಇದನ್ನು ಚಿಕ್ಕ ತಿರುಪತಿ ಎಂದೂ ಕರೆಯುತ್ತಾರೆ. ಬೆಟ್ಟದ ಮೇಲೆ ವೆಂಕಟರಮಣಸ್ವಾಮಿಯ ಗುಡಿ. ಮೇಲಕ್ಕೆ ಹೋಗಲು ಸಾವಿರಕ್ಕೂ ಮೀರಿದ ಮೆಟ್ಟಿಲುಗಳು. ಆಷಾಢದಲ್ಲಿ ಇಲ್ಲಿ ರಥೋತ್ಸವ. ಜಿಟಿಜಿಟಿ ಮಳೆಯಲ್ಲಿ ನೆನೆದ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಏರುವ ಭಕ್ತರು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಹಣ್ಣುಕಾಯಿಯ ಚೀಲವನ್ನೂ ಹಿಡಿದಿರುತ್ತಾರೆ. ಹಿರಿಯರು ಹೆಬ್ಬೆರಳನ್ನು ಕಲ್ಲಿಗೆ ಒತ್ತಿ, ಅಂಗಾಲನ್ನು ಪೂರ್ತಿ ಊರಿ ನಡೆಯುವುದನ್ನು ಗಮನಿಸಬೇಕು. ಜಾರದಂತೆ ನಡೆಯುವುದು ಅವರಿಗೆ ಯಾರೂ ಕಲಿಸಿಕೊಟ್ಟ ಪಾಠವಲ್ಲ. ಅದು ಕಾಲಿಗೇ ಬಂದ ವಿದ್ಯೆ.

ಮೇಲೆ ನಿಂತು ನೋಡಿದರೆ ಈ ಸೀಮೆಯ ಬದುಕು ಒಂದೇ ನೋಟಕ್ಕೆ ಕಾಣುತ್ತದೆ. ಬಂಡೆ, ಕುರುಚಲು ಗಿಡ, ರಾಗಿಯ ಹೊಲ, ನಡುನಡುವೆ ದಟ್ಟ ಹಸುರಿನ ತೆಂಗಿನ ತೋಟಗಳು. ಇದೇ ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಮಳೆ ಸಾಕುಸಾಕೆನಿಸುವಷ್ಟು ಸುರಿದರೆ, ಇಲ್ಲಿ ಮೋಡ ನೋಡುತ್ತ ಕೂರುವ ವರ್ಷಗಳೇ ಹೆಚ್ಚು. ಆ ಹಸುರಿನ ಹಿಂದೆ ಕೊಳವೆ ಬಾವಿಗಳಿವೆ. ಹಿಂದೆ ತೆರೆದ ಬಾವಿಗಳಿದ್ದವು. ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆಗಳಿದ್ದವು. ಹಳೆಯ ಬಾವಿಯ ಕಟ್ಟೆಯ ಕಲ್ಲನ್ನು ಕೈಯಿಂದ ಮುಟ್ಟಿ ನೋಡಿ. ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು ಬೆರಳಿಗೆ ಸಿಗುತ್ತವೆ. ಮೆತ್ತಗಿನ ನಾರು ಗಟ್ಟಿ ಕಲ್ಲನ್ನು ಸವೆಸಿದ ಗುರುತು ಅದು.

ಬೆಟ್ಟ ಇಳಿದು ಬರುವಾಗ ಬುಡದ ತೋಟವೊಂದರಲ್ಲಿ ಕಂಡ ಕೆಲಸವೇ ಈ ಲೇಖನಕ್ಕೆ ಕಾರಣ.

ತೋಟದಲ್ಲಿ ಮೂರು ಕಾಲಿನ ಯಂತ್ರ

ಕಳೆದ ಬೇಸಿಗೆಯ ಮಾತು. ಕೊಳವೆ ಬಾವಿಯ ಸುತ್ತ ಮೂರು ಉದ್ದನೆಯ ಕಬ್ಬಿಣದ ಕಂಬಗಳನ್ನು ತುದಿ ಸೇರಿಸಿ ನಿಲ್ಲಿಸಿದ್ದರು. ತುದಿಯಲ್ಲಿ ರಾಟೆ, ಒಂದು ಕಾಲಿಗೆ ಬಿಗಿದ ಕೈವಿಂಚು, ಅದರ ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ. ಇಬ್ಬರು ಆಳುಗಳು ಎರಡು ಕಡೆಯ ಹ್ಯಾಂಡಲ್ ತಿರುಗಿಸುತ್ತಿದ್ದರು. ಮೋಟರು ಕೆಟ್ಟಿತ್ತು. 400 ಅಡಿ ಆಳದಿಂದ ಅದನ್ನು ಮೇಲೆತ್ತಬೇಕು.

ಲೆಕ್ಕ ಹಾಕಿ ನೋಡೋಣ. 20 ಅಡಿಯ ಎರಡಿಂಚಿನ ಕಬ್ಬಿಣದ ಪೈಪು ಒಂದಕ್ಕೆ ಸುಮಾರು 30 ಕೆ.ಜಿ. ತೂಕ. ಅಂಥವು 20 ಪೈಪು ಎಂದರೆ 600 ಕೆ.ಜಿ. ಒಳಗೆ ನೀರು ನಿಂತಿದ್ದರೆ ಪ್ರತಿ ಪೈಪಿಗೂ ಮತ್ತೆ 13 ಕೆ.ಜಿ. ಸೇರಿಸಿ, ಅದು 260 ಕೆ.ಜಿ. ಪಂಪು, ಮೋಟರು, ಕೇಬಲ್ ಬೇರೆ. ಹೆಚ್ಚುಕಡಿಮೆ ಒಂಬತ್ತು ಕ್ವಿಂಟಲ್ ಭಾರ ಬೆರಳು ಗಾತ್ರವೂ ಇಲ್ಲದ ಹಗ್ಗದಲ್ಲಿ ತೂಗುತ್ತಿರುತ್ತದೆ. ಅದು ಕೈತಪ್ಪಿ ಬಾವಿಗೆ ಬಿತ್ತೆಂದರೆ ಮೋಟರಷ್ಟೇ ಹೋಗುವುದಿಲ್ಲ. ಪೈಪುಗಳು ಒಳಗೆ ಅಡ್ಡಡ್ಡ ಸಿಕ್ಕಿಕೊಂಡರೆ ಬಾವಿಯೇ ಕೈಬಿಟ್ಟ ಹಾಗೆ.

ಆ ಮನೆಯವರಿಗೆ ಅದು ಮೂರನೆಯ ಬಾವಿ. ಮೊದಲಿನೆರಡೂ ಬತ್ತಿದ್ದವು. ಕೊಬ್ಬರಿ ಮಾರಿದ ಹಣದಲ್ಲೇ ಮನೆ ನಡೆಯಬೇಕು, ಪ್ರಥಮ ಪಿಯುಸಿ ಓದುವ ಮಗಳ ಕಾಲೇಜಿನ ಫೀಸೂ ಅದರಲ್ಲೇ ಬರಬೇಕು. ನೀರು ನಿಂತು ಹತ್ತು ದಿನವಾಗಿತ್ತು. ಎಳೆಯ ಗಿಡಗಳ ಗರಿ ಆಗಲೇ ಬಾಗಿದ್ದವು.

ಎರಡನೆಯ ಪೈಪು ಮೇಲೆ ಬರುತ್ತಿದ್ದಾಗ ವಿಂಚು ಜಾರಿತು. ಹ್ಯಾಂಡಲ್ ಹಿಂದಕ್ಕೆ ತಿರುಗತೊಡಗಿದ್ದೇ ತಡ, "ಕೈ ಬಿಡ್ರೋ, ದೂರ ನಿಲ್ರೋ!" ಎಂದು ಮೇಸ್ತ್ರಿ ಕೂಗಿದರು. ಪೈಪು ಒಂದು ಅಡಿ ಕುಸಿದು ಧಡ್ ಎಂದು ನಿಂತಿತು. ನಿಲ್ಲಿಸಿದ್ದು ವಿಂಚಲ್ಲ. ಬಾವಿಯ ಬಾಯಿಗಿಂತ ಒಂದಡಿ ಮೇಲಕ್ಕೆ ಪೈಪಿಗೆ ಬಿಗಿದಿದ್ದ ಕಬ್ಬಿಣದ ಕ್ಲಾಂಪು. ಅದು ಹೋಗಿ ಕೇಸಿಂಗ್ ಪೈಪಿನ ಅಂಚಿಗೆ ಕೂತಿತ್ತು. ಪೈಪು ಏರಿದಂತೆಲ್ಲ ಕ್ಲಾಂಪನ್ನು ಕೆಳಕ್ಕೆ ಸರಿಸಿ ಬಿಗಿಯುತ್ತಲೇ ಇರಬೇಕೆಂಬುದು ಮೇಸ್ತ್ರಿಯ ಕಟ್ಟುನಿಟ್ಟು. ಬೇಗ ಮುಗಿಸುವ ಆತುರದಲ್ಲಿ ಹಲವರು ಕೈಬಿಡುವ ಕೆಲಸ ಇದು.

ಎಲ್ಲಿ ಜಾರಿತು?

ಯಜಮಾನರು ಕಂಗಾಲಾಗಿದ್ದರು. "ಆ ನಟ್ಟು ಇನ್ನೊಂದು ಸುತ್ತು ಬಿಗಿ ಮಾಡಿ ಎತ್ತಿಬಿಡಿ ಮೇಸ್ತ್ರಿ, ಬಿಸಿಲು ಏರ್ತಾ ಇದೆ" ಎಂದರು.

"ಬಿಗಿ ಮಾಡಿದ್ರೆ ಈಗ ನಿಲ್ತದೆ ಯಜಮಾನ್ರೆ. ಎಂಟನೇ ಪೈಪಿಗೆ ಮತ್ತೆ ಜಾರ್ತದೆ. ಜಾರಿದ್ದು ಎಲ್ಲಿ ಅಂತ ತಿಳೀದೆ ನಟ್ಟು ಮುಟ್ಟಬಾರದು" ಎಂದ ಮೇಸ್ತ್ರಿ ಕಿಸೆಯಿಂದ ಒಂದು ಬಳಪದ ತುಂಡು ತೆಗೆದರು.

ಮೊದಲು ಭಾರವೆಲ್ಲ ಕ್ಲಾಂಪಿನ ಮೇಲೆ ಕೂತಿದೆಯೇ ಎಂದು ನೋಡಿದರು. ಹಗ್ಗ ಸಡಿಲವಾಗಿತ್ತು. ಆಮೇಲೆ ಮೂರು ಕಡೆ ಗೆರೆ ಎಳೆದರು. ಒಂದು ಗೆರೆ ಹಗ್ಗದಿಂದ ಡ್ರಮ್ಮಿನ ಮೇಲಕ್ಕೆ. ಇನ್ನೊಂದು ಡ್ರಮ್ಮಿನಿಂದ ಅದರ ಪಕ್ಕದ ದೊಡ್ಡ ಹಲ್ಲುಗಾಲಿಗೆ. ಮೂರನೆಯದು ಹ್ಯಾಂಡಲಿನ ಬುಡದ ಬಿಲ್ಲೆಯಿಂದ ಅದಕ್ಕೆ ಒತ್ತಿಕೊಂಡಿರುವ ತಡೆಗಾಲಿಗೆ. ಈ ತಡೆಗಾಲಿಯ ಹಲ್ಲುಗಳಿಗೇ ಕಬ್ಬಿಣದ ನಾಲಿಗೆಯೊಂದು ಬಿದ್ದು ಟಕ್ ಟಕ್ ಸದ್ದು ಮಾಡುವುದು. ಗೆರೆ ಎಳೆದ ಮೇಲೆ ಪೈಪನ್ನು ಕ್ಲಾಂಪಿನಿಂದ ಒಂದೇ ಇಂಚು ಮೇಲೆತ್ತಿಸಿ, ಎಲ್ಲರನ್ನೂ ದೂರ ನಿಲ್ಲಿಸಿ ಕಾದರು.

ಪೈಪು ಮೆಲ್ಲಗೆ ಇಳಿದು ಮತ್ತೆ ಕ್ಲಾಂಪಿಗೆ ಕೂತಿತು. ಹಗ್ಗದ ಗೆರೆ ಕೂಡಿಯೇ ಇತ್ತು. ಅಂದರೆ ಹಗ್ಗ ಡ್ರಮ್ಮಿನ ಮೇಲೆ ಜಾರಿಲ್ಲ. ಡ್ರಮ್ಮಿನ ಗೆರೆಯೂ ಕೂಡಿಯೇ ಇತ್ತು. ಮೂರನೆಯ ಗೆರೆ ಮಾತ್ರ ತುಂಡಾಗಿ ನಾಲ್ಕು ಬೆರಳು ಆಚೀಚೆ ಸರಿದಿತ್ತು.

ಪಿಯುಸಿ ಹುಡುಗಿ ಹತ್ತಿರ ಬಂದು ಕೇಳಿದಳು: "ಅಣ್ಣಾ, ನಾಲಿಗೆ ಹಲ್ಲಿಗೆ ಸಿಕ್ಕೊಂಡೇ ಇದೆಯಲ್ಲ, ಆದ್ರೂ ಹ್ಯಾಂಡಲ್ ಯಾಕೆ ಹಿಂದಕ್ಕೆ ಬಂತು?"

"ಅದೇ ನೋಡು ಮಗಾ ಕೇಳಬೇಕಾದ ಪ್ರಶ್ನೆ" ಎಂದ ಮೇಸ್ತ್ರಿ ಬಿಲ್ಲೆಯನ್ನು ಬಿಚ್ಚಿ ತೋರಿಸಿದರು. ನಾಲಿಗೆ ಹಿಡಿದಿಡುವುದು ತಡೆಗಾಲಿಯನ್ನು ಮಾತ್ರ. ಆ ಗಾಲಿಗೂ ಹ್ಯಾಂಡಲಿನ ದಂಡಕ್ಕೂ ನಡುವೆ ಬ್ರೇಕಿನ ಲೈನಿಂಗ್ ಇದೆ. ಭಾರ ಬಿದ್ದಷ್ಟೂ ಬಿಲ್ಲೆಗಳು ಒತ್ತಿಕೊಂಡು ಲೈನಿಂಗ್ ಬಿಗಿಯಾಗಿ ಹಿಡಿಯುವಂತೆ ಆ ದಂಡಕ್ಕೆ ಮರೆ ಕೊರೆದಿರುತ್ತಾರೆ. ಜಾಣ ಉಪಾಯವೇ. ಆದರೆ ಹಿಡಿತವೆಲ್ಲ ನಿಂತಿರುವುದು ಎರಡು ಮೈಗಳ ತಿಕ್ಕಾಟದ ಮೇಲೆ. ಬಿಚ್ಚಿದಾಗ ಲೈನಿಂಗ್ ಮಿರಿಮಿರಿ ಹೊಳೆಯುತ್ತಿತ್ತು. ಹಿಂದಿನ ದಿನ ಯಾರೋ ಹಲ್ಲುಗಾಲಿಗೆ ಧಾರಾಳವಾಗಿ ಗ್ರೀಸ್ ಬಳಿದಿದ್ದರು. ಬಿಸಿಲಿಗೆ ಕರಗಿದ ಗ್ರೀಸ್ ಹರಿದು ಬ್ರೇಕಿಗೆ ಸೇರಿತ್ತು.

ಯಂತ್ರಕ್ಕೆ ಎಣ್ಣೆ ಹಾಕಿದರೆ ಒಳ್ಳೆಯದೆಂದು ನಾವೆಲ್ಲ ತಿಳಿದಿದ್ದೇವೆ. ಎಲ್ಲಿಗೆ ಹಾಕಬೇಕು, ಎಲ್ಲಿಗೆ ತಾಗಿಸಲೇಬಾರದು ಎಂಬುದು ಅದಕ್ಕಿಂತ ಮುಖ್ಯವಾದ ತಿಳಿವಳಿಕೆ. ತಿರುಗಬೇಕಾದ ಜಾಗಕ್ಕೆ ಗ್ರೀಸ್ ಬೇಕು. ಹಿಡಿಯಬೇಕಾದ ಜಾಗ ಒಣಗಿರಬೇಕು.

ಎಣ್ಣೆ ಕುಡಿದ ಲೈನಿಂಗನ್ನು ಉಜ್ಜಿ ಒಣಗಿಸಿ ಹಾಕುವವರೂ ಉಂಟು. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆಂದು ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. ಹುಡುಗನೊಬ್ಬನನ್ನು ಮೋಟರ್‌ಬೈಕಿನಲ್ಲಿ ಅರಸೀಕೆರೆಗೆ ಅಟ್ಟಿ ಹೊಸ ಲೈನಿಂಗ್ ತರಿಸಿದರು. ಬಿಲ್ಲೆಗಳನ್ನು ಪೆಟ್ರೋಲಿನಲ್ಲಿ ಒರೆಸಿ ಎಮರಿ ಕಾಗದದಿಂದ ಉಜ್ಜಿದರು. ನಾಲಿಗೆಯ ಸ್ಪ್ರಿಂಗು ಸಡಿಲವಾಗಿಲ್ಲವೆಂದೂ ಹಲ್ಲಿನ ಮೂಲೆ ಸವೆದಿಲ್ಲವೆಂದೂ ಬೆರಳಿಟ್ಟು ನೋಡಿದರು. ಎರಡು ಗಂಟೆ ಹಿಡಿಯಿತು. ಮತ್ತೆ ಬಳಪದ ಗೆರೆ, ಮತ್ತೆ ಒಂದಿಂಚು ಎತ್ತಿ ಹತ್ತು ನಿಮಿಷದ ಕಾಯುವಿಕೆ. ಗೆರೆ ಕದಲಲಿಲ್ಲ. ಸಂಜೆಯ ಹೊತ್ತಿಗೆ 20 ಪೈಪುಗಳೂ ತೋಟದಲ್ಲಿ ಸಾಲಾಗಿ ಮಲಗಿದ್ದವು. ಮೋಟರಿನ ಸುರುಳಿ ಸುಟ್ಟಿರಲಿಲ್ಲ, ಕೇಬಲಿನ ಜೋಡಣೆ ಮಾತ್ರ ಕರಕಲಾಗಿತ್ತು. ಯಜಮಾನರು ಅಂದು ಮೊದಲ ಸಲ ಕೂತು ಮಜ್ಜಿಗೆ ಕುಡಿದರು.

ಸಮುದ್ರದಲ್ಲೂ ಇದೇ ಕಥೆ

ಈ ಯಂತ್ರದ ಅಣ್ಣತಮ್ಮಂದಿರು ಸಮುದ್ರದ ಮೇಲಿದ್ದಾರೆ. ದೊಡ್ಡ ಹಡಗಿನಿಂದ ಹಿಡಿದು ವಿಹಾರಕ್ಕೆ ಹೋಗುವ ಸಣ್ಣ ದೋಣಿಯವರೆಗೆ ಲಂಗರು ಎತ್ತಲು ವಿಂಡ್‌ಲಾಸ್ ಎಂಬ ಸುತ್ತುಯಂತ್ರ ಇರುತ್ತದೆ. ಲಂಗರಿನ ಸರಪಳಿಯ ಕೊಂಡಿಗಳು ಕೂರುವಂತೆ ಗುಳಿ ತೋಡಿದ ಗಾಲಿ, ಅದನ್ನು ದಂಡಕ್ಕೆ ಬಿಗಿಯುವ ಕ್ಲಚ್ಚು, ತಿರುಗಿಸಲು ಕೈ ಅಥವಾ ವಿದ್ಯುತ್ ಮೋಟರು. ಅದು ಜಾರಿದಾಗ ಹುಡುಕುವ ಬಗೆಯೂ ನಮ್ಮ ಮೇಸ್ತ್ರಿಯದೇ. ಗಾಲಿ ನಿಂತು ದಂಡ ಮಾತ್ರ ತಿರುಗುತ್ತಿದ್ದರೆ ಕ್ಲಚ್ಚು ಸಡಿಲವಾಗಿದೆ, ಇಲ್ಲವೇ ಅದಕ್ಕೆ ಗ್ರೀಸ್ ತಾಗಿದೆ. ಗಾಲಿಯೂ ತಿರುಗಿ ಸರಪಳಿ ಮಾತ್ರ ಗುಳಿಯಿಂದ ನೆಗೆಯುತ್ತಿದ್ದರೆ ಗುಳಿ ಸವೆದಿದೆ, ಅಥವಾ ಸರಪಳಿಯ ಅಳತೆ ಆ ಗಾಲಿಗೆ ಹೊಂದುವುದಿಲ್ಲ. ಒಳಗೆ ಬಿದ್ದ ಸರಪಳಿ ಗುಡ್ಡೆಯಾಗಿ ಮೇಲಕ್ಕೆ ಒತ್ತಿದರೂ ಹೀಗಾಗಬಹುದು. ಎಲ್ಲವೂ ಸರಿಯಿದ್ದೂ ಜಾರಿದರೆ ಭಾರವೇ ಹೆಚ್ಚಾಗಿದೆ: ಕೆಸರಿನಲ್ಲಿ ಹೂತ ಲಂಗರನ್ನು ಎಳೆಯುವುದರ ಜತೆಗೆ ಗಾಳಿಗೆ ಎದುರಾಗಿ ದೋಣಿಯನ್ನೇ ಎಳೆಯುವ ಕೆಲಸವನ್ನೂ ಆ ಯಂತ್ರದ ತಲೆಗೆ ಕಟ್ಟಲಾಗಿದೆ.

ಅನುಭವಿ ನಾವಿಕರು ಹೇಳಿಕೊಡುವ ಮೊದಲ ಪಾಠವೂ ನಮ್ಮ ಕ್ಲಾಂಪಿನ ಪಾಠವೇ. ವಿಂಡ್‌ಲಾಸ್ ಇರುವುದು ಎತ್ತಲಿಕ್ಕೆ. ರಾತ್ರಿಯೆಲ್ಲ ದೋಣಿಯನ್ನು ಹಿಡಿದು ನಿಲ್ಲಿಸುವುದು ಅದರ ಕೆಲಸವಲ್ಲ. ಲಂಗರು ಇಳಿಸಿದ ಮೇಲೆ ಸರಪಳಿಯನ್ನು ಬೇರೊಂದು ಕೊಕ್ಕೆಗೆ ಸಿಕ್ಕಿಸಿ ಭಾರವನ್ನು ದೋಣಿಯ ಗಟ್ಟಿ ಮೈಗೆ ವರ್ಗಾಯಿಸಬೇಕು. ಮಾಲೇಕಲ್ಲಿನ ತೇರಿಗೂ ಇದೇ ನ್ಯಾಯ. ಸಾವಿರ ಕೈಗಳು ಹಗ್ಗ ಹಿಡಿದಿದ್ದರೂ ತೇರು ನಿಲ್ಲುವುದು ಗಾಲಿಯಡಿಗೆ ಹೊತ್ತಿಗೆ ಸರಿಯಾಗಿ ಮರದ ತುಂಡು ಒಡ್ಡುವ ನಾಲ್ಕು ಜನರಿಂದ.

ತೆಂಗಿನ ಸೀಮೆಗೂ ಸಮುದ್ರಕ್ಕೂ ಇನ್ನೊಂದು ನಂಟಿದೆ. ತೆಂಗಿನ ನಾರಿನ ಹಗ್ಗ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ, ನೀರಿನ ಮೇಲೆ ತೇಲುತ್ತದೆ, ಎಳೆದರೆ ಒಂದಿಷ್ಟು ಹಿಗ್ಗುತ್ತದೆ. ಅರಬ್ಬಿ ಸಮುದ್ರದ ಹಳೆಯ ಹಡಗುಗಳಲ್ಲಿ ಲಂಗರಿಗೂ ಹಲಗೆಗಳನ್ನು ಹೊಲಿಯುವುದಕ್ಕೂ ನಾರಿನ ಹಗ್ಗವೇ ಬಳಕೆಯಲ್ಲಿತ್ತು.

ಒನಕೆಯ ಮೇಲೆ ಒಂದು ಪರೀಕ್ಷೆ

ವಿಂಚು ಬಳಸುವವರಲ್ಲಿ ಒಂದು ನಿಯಮವಿದೆ: ಹಗ್ಗವನ್ನು ಎಷ್ಟೇ ಬಿಚ್ಚಿದರೂ ಡ್ರಮ್ಮಿನ ಮೇಲೆ ಕಡೆಯ ಮೂರು ಸುತ್ತಾದರೂ ಉಳಿದಿರಬೇಕು. ಏಕೆಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಕಂಡುಕೊಳ್ಳಬಹುದು. ಎರಡು ಕುರ್ಚಿಗಳ ನಡುವೆ ಒನಕೆಯನ್ನು ಅಡ್ಡ ಇಟ್ಟು ಅಲುಗದಂತೆ ಕಟ್ಟಿ. ಒಂದು ಲೀಟರ್ ನೀರಿನ ಬಾಟಲಿಗೆ ಹುರಿ ಕಟ್ಟಿ ಒನಕೆಯ ಮೇಲೆ ಸುಮ್ಮನೆ ಇಳಿಬಿಟ್ಟು ಇನ್ನೊಂದು ತುದಿ ಹಿಡಿಯಿರಿ. ಕೈಗೆ ಭಾರ ತಿಳಿಯುತ್ತದೆ. ಒಂದು ಸುತ್ತು ಸುತ್ತಿ ಹಿಡಿಯಿರಿ. ಎರಡು, ಮೂರು ಸುತ್ತು ಸುತ್ತಿ ನೋಡಿ. ಮೂರನೆಯ ಸುತ್ತಿಗೆ ಎರಡು ಬೆರಳೂ ಬೇಡವಾಗುತ್ತದೆ.

18ನೆಯ ಶತಮಾನದ ಗಣಿತಜ್ಞ ಲಿಯೋನಾರ್ಡ್ ಆಯ್ಲರ್ ಇದರ ಸೂತ್ರ ಕಂಡುಹಿಡಿದ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಹಗ್ಗಕ್ಕೂ ಮರಕ್ಕೂ ಇರುವ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು ಆರೂವರೆ ಪಟ್ಟು, ಎರಡಕ್ಕೆ 43 ಪಟ್ಟು, ಮೂರಕ್ಕೆ 285 ಪಟ್ಟು. ಅಂದರೆ ಒಂದು ಕಿಲೋ ಭಾರವನ್ನು ಮೂರೂವರೆ ಗ್ರಾಂ ತೂಕ, ಹೆಚ್ಚುಕಡಿಮೆ ಒಂದು ರೂಪಾಯಿಯ ನಾಣ್ಯ, ಹಿಡಿದು ನಿಲ್ಲಿಸಬಲ್ಲದು! ಈಗ ಒನಕೆಗೆ ಎಣ್ಣೆ ಸವರಿ. ಘರ್ಷಣಾಂಕ 0.1ಕ್ಕೆ ಇಳಿದರೆ ಅದೇ ಮೂರು ಸುತ್ತಿನ ಹಿಡಿತ 285ರಿಂದ ಆರೂವರೆ ಪಟ್ಟಿಗೆ ಕುಸಿಯುತ್ತದೆ. ನಾಣ್ಯದ ಜಾಗದಲ್ಲಿ 150 ಗ್ರಾಂ ಬೇಕು. ಒಂದು ಚಮಚ ಎಣ್ಣೆಯ ಪ್ರತಾಪ ಇಷ್ಟು. ಬಾಟಲಿಯ ಕೆಳಗೆ ಕಾಲಿಡದೆ ದೊಡ್ಡವರ ಜತೆಯಲ್ಲಿ ಈ ಪರೀಕ್ಷೆ ಮಾಡಿ. ನಿಜವಾದ ವಿಂಚಿನ ಹತ್ತಿರ ಮಾತ್ರ ಮಕ್ಕಳು ಹೋಗಕೂಡದು. ಹಿಂದಕ್ಕೆ ತಿರುಗುವ ಹ್ಯಾಂಡಲ್ ತೋಳಿನ ಮೂಳೆಯನ್ನೇ ಮುರಿಯಬಲ್ಲದು.

ಬಳಪದ ಕಲ್ಲಿನ ಊರುಗಳು

ಅರಸೀಕೆರೆಯಿಂದ ಜಾವಗಲ್ ದಾರಿಯಾಗಿ ಹಳೇಬೀಡಿಗೆ ಸುಮಾರು 40 ಕಿ.ಮೀ. ಅಲ್ಲಿಂದ ಬೇಲೂರು 16 ಕಿ.ಮೀ. ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಶಿಲಾಬಾಲಿಕೆಯರ ಬಗೆಗೆ ಬರೆದವರು ಬೇಕಾದಷ್ಟು ಮಂದಿ. ಮಾಲೇಕಲ್ಲಿನ ತೋಟದಿಂದ ಹೋದವರ ಕಣ್ಣು ಬೇರೆ ಸಂಗತಿಗಳ ಮೇಲೆ ನಿಲ್ಲುತ್ತದೆ.

ಈ ಗುಡಿಗಳ ಕಲ್ಲು ಬಳಪದ ಕಲ್ಲು. ಮೇಸ್ತ್ರಿ ಗೆರೆ ಎಳೆದದ್ದೂ, ನಮ್ಮ ಹಿಂದಿನ ತಲೆಮಾರು ಸ್ಲೇಟಿನ ಮೇಲೆ ತಿದ್ದಿದ್ದೂ ಇದೇ ಜಾತಿಯ ಕಲ್ಲಿನಿಂದ. ಇದರಲ್ಲಿರುವ ಟಾಲ್ಕ್ ಎಂಬ ಖನಿಜ ಮುಟ್ಟಿದರೆ ನುಣುಪು. ಮುಖಕ್ಕೆ ಹಚ್ಚುವ ಪೌಡರಿಗೆ ಹೆಸರು ಬಂದದ್ದೂ ಅದರಿಂದಲೇ. ಆ ಮೃದುತನವೇ ಶಿಲ್ಪಿಗೆ ವರವಾಯಿತು. ಹಳೇಬೀಡಿನ ಹೊಯ್ಸಳೇಶ್ವರದ ಒಳಗೆ ನಿಂತು ಕಂಬಗಳ ಮೈಮೇಲಿನ ಉಂಗುರಗಳನ್ನು ನೋಡಿ. ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದ ಗುರುತುಗಳು ಅವು. ಅಷ್ಟು ತೂಕದ ಕಲ್ಲನ್ನು ಅಲುಗದಂತೆ ಹಿಡಿದು ಸಮನಾಗಿ ತಿರುಗಿಸಿದವರು ಹಿಡಿತದ ವಿದ್ಯೆಯನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಬೇಲೂರಿನ ನವರಂಗದಲ್ಲಿರುವ ನರಸಿಂಹ ಕಂಬ ಹಿಂದೊಮ್ಮೆ ತಿರುಗುತ್ತಿತ್ತೆಂದು ಮಾರ್ಗದರ್ಶಿಗಳು ಹೇಳುತ್ತಾರೆ. ಹೊರಗಿನ ಅಂಗಳದ ಎತ್ತರದ ದೀಪಸ್ತಂಭವನ್ನು ತೋರಿಸಿ, ನೆಲದಲ್ಲಿ ಹೂಳದೆ ತನ್ನ ಭಾರದಿಂದಲೇ ನಿಂತಿದೆ ಎನ್ನುತ್ತಾರೆ. ಲಂಗರೇ ಇಲ್ಲದ ಹಡಗು ಅದು! ಮಕ್ಕಳಿಗೆ ಇದನ್ನು ಪವಾಡವೆಂದು ಹೇಳಿ ಮುಗಿಸಬೇಡಿ. ಅಗಲವಾದ ಪೀಠ, ಸಮನಾದ ಭಾರ, ಕಲ್ಲಿಗೆ ಕಲ್ಲಿನ ಘರ್ಷಣೆ, ಈ ಮೂರರ ಲೆಕ್ಕ ಹಾಕಲು ಹೇಳಿ.

ತಂದೆತಾಯಂದಿರಿಗೆ ಒಂದು ಮಾತು. ಪ್ರವಾಸವೆಂದರೆ ಗುಡಿ, ಹೋಟೆಲು, ಫೋಟೋ ಎಂದು ಮುಗಿಸದೆ ದಾರಿಯಲ್ಲಿ ಕೆಲಸ ನಡೆಯುತ್ತಿರುವ ಕಡೆ ಹತ್ತು ನಿಮಿಷ ದೂರದಲ್ಲಿ ನಿಂತು ನೋಡಲು ಮಕ್ಕಳಿಗೆ ಬಿಡಿ. ಆ ತೋಟದ ಹುಡುಗಿ ಘರ್ಷಣೆಯ ಪಾಠವನ್ನು ಪರೀಕ್ಷೆಗೆಂದು ಓದಿದ್ದಳು. ಅಂದು ಅವಳ ಮನೆಯ ಬಾವಿ ಉಳಿದದ್ದು ಆ ಪಾಠದ ಮೇಲೆ, ಅದನ್ನು ಪುಸ್ತಕದಲ್ಲಿ ಓದದ ಒಬ್ಬ ಮನುಷ್ಯನ ತಾಳ್ಮೆಯ ಮೇಲೆ. ಕೆಲಸ ಮುಗಿದ ಮೇಲೆ ಅವಳು ಮೇಸ್ತ್ರಿಯಿಂದ ಆ ಬಳಪದ ತುಂಡನ್ನು ಕೇಳಿ ಪಡೆದಳು.

ಮಾಲೇಕಲ್ಲಿಗೆ ಹೋಗುವವರು ಬೆಳಗಿನ ತಂಪಿನಲ್ಲೇ ಮೆಟ್ಟಿಲು ಹತ್ತುವುದು ಲೇಸು. ಕುಡಿಯುವ ನೀರು ಜತೆಗಿರಲಿ. ಆಷಾಢದಲ್ಲಿ ಹೋದರೆ ನೆನೆದ ಕಲ್ಲಿನ ಮೇಲೆ ಆತುರ ಬೇಡ. ಇಳಿಯುವಾಗಲಂತೂ ಅಂಗಾಲು ಪೂರ್ತಿ ಊರಿ ಹೆಜ್ಜೆ ಇಡಿ. ಹತ್ತುವಾಗ ಜಾರುವವರಿಗಿಂತ ಇಳಿಯುವಾಗ ಜಾರುವವರೇ ಹೆಚ್ಚು.